ನೀಲಿ ಹಾಕದ ಪಂಚೆ

ಬೆಳ್ಳಾವಿಯ ಹಿಂದಿನ ಬೀದಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಧನುರ್ಮಾಸದ ಚಳಿ. ದೇವಸ್ಥಾನದ ಮೈಕು ಈಗಷ್ಟೇ ಗಂಟಲು ಸರಿಮಾಡಿಕೊಳ್ಳುತ್ತಿದೆ. ಕರಿಬಸಮ್ಮನವರ ನಡುಮನೆಯಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ಅವರ ಮಗಳು ಅಕ್ಷತಾ ಜರಿ ಸೀರೆ ಉಟ್ಟು, ಹೂ ಮುಡಿದು, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಅವಳಿಗೆ ಮೊದಲ ಪಾಳಿ. ಆರೂಕಾಲಿಗೆ ಕಂಪನಿಯ ಬಸ್ಸು ಬಂದುಬಿಡುತ್ತದೆ. ಅಷ್ಟರೊಳಗೆ ಗಂಡಿನ ಕಡೆಯವರಿಗೆ ಕೊಡುವ ಫೋಟೋ ಆಗಬೇಕು, ಸೀರೆ ಬಿಚ್ಚಿ ಯೂನಿಫಾರ್ಮ್ ಹಾಕಬೇಕು, ಡಬ್ಬಿಗೆ ತಿಂಡಿ ತುಂಬಬೇಕು. ಈಗ ಗಂಟೆ ಐದೂವರೆ.

ಫೋಟೋ ತೆಗೆಯಲು ಬಂದಿರುವ ಭೀಮರಾಜ್ ಅವರಿಗೆ ಆತುರವಿಲ್ಲ. ಐವತ್ತನಾಲ್ಕರ ತೆಳ್ಳನೆಯ ಆಸಾಮಿ, ದಪ್ಪ ಕನ್ನಡಕ, ಕುತ್ತಿಗೆಗೆ ಮಫ್ಲರು. ಬಾಗಿಲಲ್ಲೇ ನಿಂತು ತಲೆ ಎತ್ತಿ ನೋಡುತ್ತಾರೆ. ಮೇಲೆ ಹಂಚು, ಹೊಗೆ ಕುಡಿದು ಕಪ್ಪಾಗಿದೆ. ಆಮೇಲೆ ಗೋಡೆಯ ಹತ್ತಿರ ಹೋಗಿ ಅಂಗೈಯಿಂದ ಸವರುತ್ತಾರೆ.

"ಚೆನ್ನಾಗೈತಲ್ಲಮ್ಮ ಗೋಡೆ. ಯಾವ ಬಣ್ಣ ಅಂತಾರೆ ಇದನ್ನ?"

"ಪಿಸ್ತಾ ಅಂತೆ ಕಣಣ್ಣ. ಗಂಡಿನ ಕಡೆಯವ್ರು ಬರ್ತಾರೆ ಅಂತ ಹೋದ ತಿಂಗ್ಳು ಹೊಡ್ಸಿದ್ದು," ಎನ್ನುತ್ತಾರೆ ಕರಿಬಸಮ್ಮ.

ಪಿಸ್ತಾ ಎಂದರೆ ತಿಳಿಹಸಿರು. ಆ ಮಾತು ಕೇಳಿದೊಡನೆ ಭೀಮರಾಜ್ ಕೈಯನ್ನು ಗೋಡೆಯಿಂದ ತೆಗೆಯುತ್ತಾರೆ, ಬಿಸಿ ತಟ್ಟಿದವರ ಹಾಗೆ. ಕುರ್ಚಿಯನ್ನು ನಡುಮನೆಯ ಮಧ್ಯಕ್ಕೆ ಎಳೆಸುತ್ತಾರೆ. ಕರಿಬಸಮ್ಮನವರಿಗೆ ಇದು ಲೋಕಾಭಿರಾಮದ ಮಾತು. ಪತ್ರಿಕೆಗೆ ಬರೆಯಲೆಂದು ಭೀಮರಾಜ್ ಜೊತೆ ಬಂದಿರುವ ನನಗೆ ಮಾತ್ರ ವಿಚಿತ್ರವೆನ್ನಿಸುತ್ತದೆ. ಟ್ಯೂಬ್‌ಲೈಟಿನ ಕೆಳಗೆ ನಿಂತು ಗೋಡೆ ನೋಡುತ್ತಲೇ ಗೋಡೆಯ ಬಣ್ಣ ಕೇಳುವ ಫೋಟೋಗ್ರಾಫರನ್ನು ನಾನು ಇದೇ ಮೊದಲು ನೋಡುತ್ತಿರುವುದು.

ಚೀಲದಿಂದ ಒಂದು ಬಿಳಿ ಪಂಚೆ ಹೊರಬರುತ್ತದೆ. ಅಂಚಿಲ್ಲದ, ಮಡಿಕೆ ಮುರಿಯದ ಪಂಚೆ. ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಶ್ ದೀಪದ ಮುಖವನ್ನು ಭೀಮರಾಜ್ ಹುಡುಗಿಯ ಕಡೆಯಿಂದ ಪಕ್ಕಕ್ಕೆ ತಿರುಗಿಸುತ್ತಾರೆ. ಆ ಪಕ್ಕದಲ್ಲಿ ಪಂಚೆಯನ್ನು ಪರದೆಯ ಹಾಗೆ ಹಿಡಿದು ಯಾರಾದರೂ ನಿಲ್ಲಬೇಕು. ಬೆಳಕು ಪಂಚೆಗೆ ಬಡಿದು, ಅಲ್ಲಿಂದ ಹಿಂತಿರುಗಿ ಮುಖದ ಮೇಲೆ ಬೀಳುತ್ತದೆ. ಮೊದಲು ಹಿಡಿದವರು ಕರಿಬಸಮ್ಮ. "ಕತ್ತು ಎತ್ತೇ. ಹಲ್ಲು ಬಿಡ್ಬೇಡ. ಸೆರಗು ನೋಡ್ಕೋ." ಒಂದೊಂದು ಮಾತಿಗೂ ಅಕ್ಷತಾ ಇನ್ನಷ್ಟು ಬಿಗಿಯಾಗುತ್ತಾಳೆ. ಮೂರು ಫೋಟೋ ತೆಗೆದು ಭೀಮರಾಜ್ ಕ್ಯಾಮೆರಾ ಇಳಿಸುತ್ತಾರೆ.

"ಪಂಚೆ ಯಾರು ಹಿಡ್ಕೊಂಡ್ರೆ ನಿಂಗೆ ಸರಿ ಹೋಯ್ತದೆ ತಾಯಿ?"

ಹುಡುಗಿ ತಾಯಿಯ ಮುಖ ನೋಡಿ, ನೆಲ ನೋಡಿ, "ಅಪ್ಪ" ಎನ್ನುತ್ತಾಳೆ.

ಡೇರಿಗೆ ಹಾಲು ಹಾಕಿ ಆಗಷ್ಟೇ ಬಂದಿದ್ದ ಅಡವಿಯಪ್ಪನವರು ಖಾಲಿ ಕ್ಯಾನು ಇಟ್ಟು, ಕೈ ಒರೆಸಿಕೊಂಡು ಒಳಗೆ ಬರುತ್ತಾರೆ. ಎರಡೂ ಕೈ ಎತ್ತಿ ಪಂಚೆ ಹಿಡಿದರೆ ಅವರ ಮುಖವೇ ಮುಚ್ಚಿಹೋಗುತ್ತದೆ. ಒಂದು ನಿಮಿಷ ಕಳೆಯುತ್ತದೆ. ಪಂಚೆಯ ಹಿಂದಿನಿಂದ ದನಿ ಬರುತ್ತದೆ: "ನಂಗೇನೂ ಕಾಣಾಕಿಲ್ಲ ಕಣವ್ವ. ಮುಗೀತಾ, ಇನ್ನೂ ಹಿಡ್ಕೋಬೇಕಾ?"

ಅಕ್ಷತಾಗೆ ನಗು ಬರುತ್ತದೆ. ಫ್ಲ್ಯಾಶ್ ಮಿಂಚುತ್ತದೆ. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಆ ಮುಖವನ್ನು ನಾನೂ ನೋಡುತ್ತೇನೆ. ಮೂಗಿನ ಪಕ್ಕದಲ್ಲಿ ಕರಿ ನೆರಳಿಲ್ಲ, ಹಣೆಯ ಮೇಲೆ ಎಣ್ಣೆಯ ಹೊಳಪಿಲ್ಲ. ಕಿಟಕಿಯ ಪಕ್ಕ ಕೂತು ಯಾರೊಂದಿಗೋ ಮಾತಾಡುತ್ತಿರುವ ಹುಡುಗಿಯಂತಿದ್ದಾಳೆ. ಭೀಮರಾಜ್ ಮಾತ್ರ ಪರದೆಯನ್ನು ಮೂಗಿನ ತುದಿಗೆ ಹಿಡಿದು ಬಹಳ ಹೊತ್ತು ನೋಡುತ್ತಾರೆ. ಕೊನೆಗೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳುತ್ತಾರೆ: "ಮುಖ ಮುಖದ ಬಣ್ಣದಲ್ಲೇ ಐತಾ ಸಾ?"

ಹೌದು ಎನ್ನುತ್ತೇನೆ. ಅವರು ನಂಬಿದಂತೆ ಕಾಣುವುದಿಲ್ಲ.

ಭೀಮರಾಜ್ ಗುಬ್ಬಿಯವರು. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮನೆ. ಮೊದಲು ಸಣ್ಣದೊಂದು ಸ್ಟುಡಿಯೋ ಇತ್ತು. ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ಅದಕ್ಕೆ ಬಾಗಿಲು ಬಿತ್ತು. ಈಗ ಮನೆಮನೆಗೆ ಹೋಗಿ ಒಬ್ಬೊಬ್ಬರ ಮುಖದ ಫೋಟೋ ತೆಗೆಯುವುದೇ ಅವರ ಕಸುಬು. ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚಿನ ಫೋಟೋ, ಸೀಮಂತದ ಫೋಟೋ, ಕೂಸಿನ ನಾಮಕರಣದ್ದು, ಎದ್ದು ಸ್ಟುಡಿಯೋಗೆ ಬರಲಾಗದ ಅಜ್ಜಿಯದ್ದು. ಮೂವತ್ತೆರಡು ವರ್ಷದಲ್ಲಿ ತುಮಕೂರಿನಿಂದ ಕುಣಿಗಲ್‌ವರೆಗೆ ಎಷ್ಟು ಗೋಡೆಗಳಲ್ಲಿ ಇವರ ಫೋಟೋಗಳು ತೂಗುತ್ತಿವೆಯೋ ಲೆಕ್ಕವಿಲ್ಲ. ಒಂದರ ಮೂಲೆಯಲ್ಲೂ ಇವರ ಹೆಸರಿಲ್ಲ. "ಅವ್ರ ಮನೆ ಗೋಡೆ ಮ್ಯಾಲೆ ನನ್ ಹೆಸರು ಯಾಕೆ ಸಾ" ಎನ್ನುತ್ತಾರೆ.

ಸಾಮಾನ್ಯ ದಿನವೆಂದರೆ ಮೂರು ಮನೆ, ಇತ್ತೀಚಿನವರೆಗೆ ಸ್ಕೂಟರಿನಲ್ಲಿ ನಲವತ್ತೈದು ಕಿಲೋಮೀಟರು, ಫ್ಲ್ಯಾಶಿಗೆ ನಾಲ್ಕು ಸೆಲ್ಲು, ಚೀಲದಲ್ಲಿ ಇನ್ನೆಂಟು. ಒಂದು ಮನೆಯಲ್ಲಿ ಕಡಿಮೆ ಎಂದರೆ ಒಂದು ಗಂಟೆ. ಅದರಲ್ಲಿ ಕ್ಯಾಮೆರಾ ಕಣ್ಣಿಗೆ ಹಚ್ಚುವುದು ಹತ್ತು ನಿಮಿಷವೂ ಇಲ್ಲ. ಮಿಕ್ಕಿದ್ದೆಲ್ಲ ಸೂರು ನೋಡುವುದು, ಗೋಡೆ ನೋಡುವುದು, ಪಂಚೆ ಯಾರ ಕೈಗೆ ಕೊಡಬೇಕೆಂದು ತಿಳಿದುಕೊಳ್ಳುವುದು. ಪಕ್ಕದಲ್ಲಿ ಕೆಂಪು ಸೀರೆಯವರು ನಿಂತರೆ ಕೆನ್ನೆಗೆ ಕೆಂಪು ಬರುತ್ತದೆಂದು ಅವರನ್ನು ಕಾಫಿ ತರಲು ಕಳಿಸುತ್ತಾರೆ. ಹೀಗಾಗಿ ಇವರಿಗೆ ದಿನಕ್ಕೆ ಏಳೆಂಟು ಲೋಟ ಕಾಫಿ ಖಾಯಂ. ಸಕ್ಕರೆ ಕಾಯಿಲೆಯವರಿಗೆ ಇದು ಒಳ್ಳೆಯದಲ್ಲ ಎಂದು ಹೆಂಡತಿ ಗಂಗಲಕ್ಷ್ಮಮ್ಮ ಹೇಳಿ ಹೇಳಿ ಸೋತಿದ್ದಾರೆ.

ಫ್ಲ್ಯಾಶನ್ನು ನೇರವಾಗಿ ಮುಖಕ್ಕೆ ಬಿಡದೆ ಯಾಕೆ ಹೀಗೆ ಸುತ್ತಿ ಬಳಸಿ ತರಬೇಕೆಂದು ಕೇಳಿದೆ. ನನ್ನ ಪಾಸ್‌ಪೋರ್ಟಿನ ಫೋಟೋದಲ್ಲಿ ನಾನು ಸುಣ್ಣದ ಗುಂಡಿಗೆ ಬಿದ್ದು ಎದ್ದವನ ಹಾಗೆ ಇದ್ದೇನೆ ಎಂಬುದನ್ನೂ ಹೇಳಿದೆ.

"ಒಲೆಯಿಂದ ಇಳಿಸಿದ ಕಾಫೀನ ಹಂಗೇ ಬಾಯಿಗೆ ಹಾಕಿದ್ರೆ ನಾಲ್ಗೆ ಸುಡ್ತದೆ. ಎರಡು ಲೋಟ ಇಟ್ಕೊಂಡು ಅದ್ರಿಂದ ಇದಕ್ಕೆ, ಇದ್ರಿಂದ ಅದಕ್ಕೆ ಹುಯ್ದು ಆರಿಸ್ತೀವಲ್ಲ, ಅಷ್ಟೇಯ. ಅದೇ ಕಾಫಿ, ಬಾಯಿಗೆ ಹಿತ. ಅದೇ ಬೆಳಕು, ಮುಖಕ್ಕೆ ಹಿತ."

ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಕುಣಿಗಲ್ಲಿನ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕಿದ್ದಾಗ, ರೀಲಿನ ಕಾಲದಲ್ಲಿ, ಒಂದು ಮದುವೆ ಮನೆಯಲ್ಲಿ ಫ್ಲ್ಯಾಶಿನ ಕತ್ತು ಮುರಿದು ದೀಪ ಆಕಾಶ ನೋಡುತ್ತ ನಿಂತುಬಿಟ್ಟಿತು. ಬೇರೆ ಫ್ಲ್ಯಾಶ್ ಇಲ್ಲ. ಧಾರೆ ನಡೆಯುತ್ತಿದೆ. ತಾರಸಿಗೆ ಬೆಳಕು ಬಿಟ್ಟುಕೊಂಡೇ ಮೂವತ್ತಾರು ಫೋಟೋ ತೆಗೆದು, ರೀಲು ತೊಳೆದು ಬರುವ ತನಕ ಮೂರು ದಿನ ಊಟ ಸೇರಲಿಲ್ಲ. ಪ್ರಿಂಟು ಬಂದಾಗ ಮಾಲೀಕರು ಒಂದೊಂದನ್ನೇ ಎತ್ತಿ ನೋಡಿ, "ಇದೇನ್ಲಾ ಮಾಡಿದ್ದೀಯ?" ಎಂದರಂತೆ. ಬೈಗುಳವೋ ಹೊಗಳಿಕೆಯೋ ಎಂದು ಇವರಿಗೆ ತಿಳಿಯಲಿಲ್ಲ. ಮದುಮಗಳ ಮನೆಯವರು ಬಂದು ಇನ್ನೆರಡು ಪ್ರತಿ ಕೇಳಿದ ಮೇಲೆ ತಿಳಿಯಿತು. ಆ ತಾರಸಿಗೆ ಬಿಳಿ ಸುಣ್ಣ ಹೊಡೆದಿದ್ದರು.

ಎಲ್ಲ ಮನೆಯಲ್ಲೂ ಬಿಳಿ ಇರುವುದಿಲ್ಲ ಎಂಬ ಪಾಠ ಕಲಿತದ್ದು ಅಮೃತೂರಿನಲ್ಲಿ. ಇಪ್ಪತ್ತು ವರ್ಷದ ಹಿಂದಿನ ಮಾತು. ಹೆಣ್ಣಿನ ಫೋಟೋ ತೆಗೆಯಲು ಹೋದ ಮನೆಗೆ ಹೊಸದಾಗಿ ಗಿಳಿಹಸಿರು ಬಣ್ಣ ಹೊಡೆದಿದ್ದರು. ಭೀಮರಾಜ್ ಆ ಗೋಡೆಗೇ ಫ್ಲ್ಯಾಶ್ ತಿರುಗಿಸಿದರು. ಹಸಿರು ಗೋಡೆಯಿಂದ ಮರಳಿದ ಬೆಳಕೂ ಹಸಿರಾಗಿಯೇ ಬಂತು. ಫೋಟೋ ನೋಡಿದ ಗಂಡಿನ ಕಡೆಯವರು, ಹುಡುಗಿಗೆ ಕಾಮಾಲೆ ಇದೆಯೇ ಎಂದು ಮಧ್ಯಸ್ಥರ ಕೈಲಿ ಕೇಳಿಸಿ, ಆಮೇಲೆ ಈ ಕಡೆ ಬರಲೇ ಇಲ್ಲ. ಹುಡುಗಿಗೆ ಬೇರೆ ಕಡೆ ಮದುವೆಯಾಯಿತು, ಚೆನ್ನಾಗಿಯೂ ಇದ್ದಾರೆ. ಆದರೂ ಆ ಮಾತು ಹೇಳುವಾಗ ಭೀಮರಾಜ್ ನನ್ನ ಮುಖ ನೋಡುವುದಿಲ್ಲ. ಆ ವಾರವೇ ಬಿಳಿ ಪಂಚೆ ಚೀಲಕ್ಕೆ ಸೇರಿತು.

ಆ ಪಂಚೆಗಳನ್ನು ಒಗೆಯುವುದು ಗಂಗಲಕ್ಷ್ಮಮ್ಮ. ಬೇರೆ ಬಟ್ಟೆಯ ಜೊತೆ ಸೇರಿಸದೆ, ಬೇರೆ ಬಕೆಟ್ಟಿನಲ್ಲಿ. ಗಂಡ ಎಲ್ಲೆಲ್ಲಿ ಹೋಗುತ್ತಾರೆ, ಯಾರ ಮುಖ ತೆಗೆಯುತ್ತಾರೆ ಎಂಬುದು ಅವರಿಗೆ ಬೇಕಿಲ್ಲ. ಒಮ್ಮೆಯೂ ಜೊತೆಗೆ ಹೋದವರಲ್ಲ. ಪಂಚೆ ಮಾತ್ರ ಬೆಳ್ಳಗಿರಬೇಕು. ಅದಕ್ಕೆಂದು ಕೊನೆಯ ನೀರಿಗೆ ಎರಡು ಹನಿ ನೀಲಿ.

ಜಗಳ ಶುರುವಾದದ್ದು ಆ ಎರಡು ಹನಿಯಿಂದ.

ಹೋದ ಬೇಸಿಗೆಯಲ್ಲಿ ಒಂದು ಸೀಮಂತದ ಫೋಟೋಗಳು ವಾಪಸ್ಸು ಬಂದವು. ಬಸುರಿಯ ಮುಖಕ್ಕೆ ನೀಲಿ ತಿರುಗಿದೆ, ನೋಡಿದರೆ ಹೆದರಿಕೆಯಾಗುತ್ತದೆ ಎಂದು ಅತ್ತೆ ದೂರಿದರು. ಭೀಮರಾಜ್ ಮನೆಯ ಕಂಪ್ಯೂಟರಿನಲ್ಲಿ ಬಣ್ಣ ಸರಿಮಾಡಿಯೇ ಕೊಟ್ಟಿದ್ದರು. ಅವರ ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಯೋಚಿಸಿ ಯೋಚಿಸಿ ಕೊನೆಗೆ ಹೊಳೆದದ್ದು ಪಂಚೆ. ನೀಲಿ ಜಾಸ್ತಿಯಾಗಿದೆ, ಅದಕ್ಕೇ ಬೆಳಕು ನೀಲಿಯಾಗಿ ಮರಳುತ್ತಿದೆ.

"ಎರಡು ತಿಂಗ್ಳು ಬೈದವ್ರೆ ಸಾ," ಎನ್ನುತ್ತಾರೆ ಗಂಗಲಕ್ಷ್ಮಮ್ಮ, ನನಗೆ ಮಂಡಕ್ಕಿ ಕೊಡುತ್ತ. "ನಾನೂ ಇಪ್ಪತ್ತು ವರ್ಷದಿಂದ ಒಗೀತಿದೀನಿ, ಎರಡು ಹನಿ ಅಂದ್ರೆ ಎರಡೇ ಹನಿ. ಆದ್ರೂ ಬುಟ್ಟೆ. ಬರೀ ಸೋಪಲ್ಲಿ ಒಗೆದೆ. ಇವ್ರು ಬಿಸ್ಲಿಗೆ ಹಿಡ್ದು ನೋಡೋರು, ನೀಲಿ ಹಾಕಿದೀಯ ಅನ್ನೋರು. ಹಾಕಿಲ್ಲ ಅಂದ್ರೆ ನಂಬ್ತಿರ್ಲಿಲ್ಲ. ಒಂದಿನ ನಂಗೂ ಅಳು ಬಂದ್ಬುಡ್ತು."

ಹೊಸ ಪಂಚೆ ತಂದರು. ಫೋಟೋ ಮತ್ತೆ ನೀಲಿಯಾಗಿಯೇ ಬಂತು.

ಸತ್ಯ ಹೇಳಿದ್ದು ತುಮಕೂರಿನಲ್ಲಿ ಪ್ರಿಂಟು ಹಾಕುವ ಲ್ಯಾಬಿನ ಭಾನುಪ್ರಕಾಶ್. ಇಪ್ಪತ್ತು ವರ್ಷದ ಸ್ನೇಹ. ಭೀಮರಾಜ್ ಪಂಚೆಯ ಮೇಲೆ, ಹೆಂಡತಿಯ ಮೇಲೆ ದೂರು ಹೇಳುತ್ತಿದ್ದಾಗ ಅವರು ಪ್ರಿಂಟರಿನಿಂದ ಒಂದು ಖಾಲಿ ಹಾಳೆ ಎಳೆದು ಮುಂದೆ ಹಿಡಿದರಂತೆ.

"ಅಣ್ಣ, ಇದು ಯಾವ ಬಣ್ಣ?"

"ಕ್ರೀಮು."

ಭಾನುಪ್ರಕಾಶ್ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಅದು ಬಿಳಿ ಹಾಳೆ. ಭೀಮರಾಜರ ಕಣ್ಣಿನಲ್ಲಿ ಪೊರೆ ಬೆಳೆದು, ಲೋಕವೆಲ್ಲ ಹಳದಿ ಗಾಜಿನ ಹಿಂದಕ್ಕೆ ಹೋಗಿತ್ತು. ಕಂಪ್ಯೂಟರಿನಲ್ಲಿ ಮುಖಗಳು ಹಳದಿಯಾಗಿ ಕಂಡು, ಅದನ್ನು ಕಳೆಯಲು ಇವರೇ ನೀಲಿ ಸುರಿಯುತ್ತಿದ್ದರು. ಅಂದಿನಿಂದ ಬಣ್ಣ ನೋಡುವ ಕೆಲಸ ಭಾನುಪ್ರಕಾಶ್ ಅವರದು. ಗೋಡೆಯ ಬಣ್ಣ ಹೇಳುವ ಕೆಲಸ ಆಯಾ ಮನೆಯವರದು, ಅವರಿಗೇ ಗೊತ್ತಿಲ್ಲದೆ.

"ಅಮೃತೂರಲ್ಲಿ ತಪ್ಪು ಮಾಡ್ದಾಗ ಪ್ರಿಂಟು ನೋಡಿದ್ ತಕ್ಷಣ ಗೊತ್ತಾಯ್ತು ಸಾ," ಎನ್ನುತ್ತಾರೆ ಭೀಮರಾಜ್. "ಈಗ ಅದೇ ತಪ್ಪು ಮಾಡಿದ್ರೆ ನಂಗೆ ಗೊತ್ತೇ ಆಗಾಕಿಲ್ಲ. ಭಯ ಅಂದ್ರೆ ಅದು."

ಪೊರೆ ತೆಗೆಸುವುದೇನು ಮಹಾ, ನಮ್ಮ ಅತ್ತೆಗೆ ಬೆಳಿಗ್ಗೆ ಮಾಡಿ ಸಂಜೆ ಕಳಿಸಿದರು ಎಂದು ನಾನು ಧೈರ್ಯ ಹೇಳಹೊರಟೆ. ಅವರು ಕನ್ನಡಕ ತೆಗೆದು ಎಡಗಣ್ಣು ತೋರಿಸಿದರು. ನೋಡಲು ಕಣ್ಣಿನಂತೆಯೇ ಇದೆ, ಆದರೆ ಏನೂ ಕಾಣುವುದಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಪೊರಕೆಗೆಂದು ತೆಂಗಿನ ಗರಿ ಸೀಳುವಾಗ ಕಡ್ಡಿ ಸಿಡಿದು ಚುಚ್ಚಿಕೊಂಡದ್ದು. ಮೂವತ್ತೆರಡು ವರ್ಷ ಸಾವಿರಾರು ಮುಖ ನೋಡಿದ್ದು ಬಲಗಣ್ಣು ಒಂದೇ. ಪೊರೆ ಬಂದಿರುವುದೂ ಅದಕ್ಕೇ.

"ಯಾರ್ಗೂ ಗೊತ್ತಾಗ್ಲಿಲ್ವಾ?" ಎಂದೆ.

"ಫೋಟೋ ತೆಗೆಯೋನು ಹೆಂಗಿದ್ರೂ ಒಂದು ಕಣ್ಣು ಮುಚ್ಕೊಂಡೇ ಇರ್ತಾನಲ್ಲ ಸಾ. ಯಾರ್ಗೆ ಗೊತ್ತಾಯ್ತದೆ?"

ಇದನ್ನು ಹೇಳಿ ಅವರು ನಕ್ಕರು. ನನಗೆ ನಗು ಬರಲಿಲ್ಲ. ಎರಡು ತಿಂಗಳ ಹಿಂದಿನವರೆಗೂ ಆ ಒಂದೇ ಕಣ್ಣಿನಲ್ಲಿ, ಆ ಹಳದಿ ಮಬ್ಬಿನಲ್ಲಿ, ಹೆದ್ದಾರಿಯ ಲಾರಿಗಳ ನಡುವೆ ಸ್ಕೂಟರ್ ಓಡಿಸಿದ್ದಾರೆ ಈ ಮನುಷ್ಯ. ಕೇಳಿ ನನಗೆ ಸಿಟ್ಟೇ ಬಂತು. ಈಗ ಬಸ್ಸು. ಬೆಳ್ಳಾವಿಗೆ ಬಂದದ್ದು ನನ್ನ ಬೈಕಿನ ಹಿಂದೆ ಕೂತು, ಚೀಲವನ್ನು ಕೂಸಿನ ಹಾಗೆ ತಬ್ಬಿಕೊಂಡು.

ತುಮಕೂರಿನ ಕಣ್ಣಾಸ್ಪತ್ರೆಯ ಡಾಕ್ಟರು ನೂರಕ್ಕೆ ತೊಂಬತ್ತೆಂಟು ಜನರಿಗೆ ಏನೂ ತೊಂದರೆಯಾಗುವುದಿಲ್ಲ ಎಂದಿದ್ದಾರೆ. ಮಿಕ್ಕ ಇಬ್ಬರಿಗೆ ಏನಾಗುತ್ತದೆ ಎಂದು ಇವರು ಕೇಳಿದ್ದಾರೆ. ಸಕ್ಕರೆ ಕಾಯಿಲೆ ಇದೆ, ತಡ ಮಾಡಿದಷ್ಟೂ ಪೊರೆ ಗಟ್ಟಿಯಾಗುತ್ತದೆ, ತೆಗೆಯುವುದು ಕಷ್ಟ ಎಂದೂ ಅವರು ಹೇಳಿದ್ದಾರೆ. ಆದರೂ ಮೂರು ಸಲ ದಿನ ಗೊತ್ತುಮಾಡಿ ಮೂರು ಸಲವೂ ಮುಂದೂಡಿದ್ದಾಯಿತು. ಮೊದಲ ಸಲ ಆಷಾಢ, ಕೆಲಸ ಶುರುಮಾಡಬಾರದು ಎಂದರು. ಎರಡನೇ ಸಲ ಪಿತೃಪಕ್ಷ. ಮೂರನೆಯದಕ್ಕೆ ಕಾರ್ತಿಕದ ಮದುವೆಗಳು.

"ಇವ್ರಿಗೆ ಹನ್ನೆರಡು ತಿಂಗ್ಳೂ ಕೆಟ್ಟ ತಿಂಗ್ಳೇ," ಎಂದರು ಗಂಗಲಕ್ಷ್ಮಮ್ಮ. "ಈಗ ಧನುರ್ಮಾಸ. ಮದ್ವೆ ಇಲ್ಲ, ನೆಪಾನೂ ಇಲ್ಲ."

ನೀವು ಇದನ್ನು ಓದುತ್ತಿರುವುದು ಭಾನುವಾರ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಭೀಮರಾಜರ ಬಲಗಣ್ಣಿನ ಆಪರೇಷನ್. ಅಕ್ಷತಾಳ ಫೋಟೋ ಅದಕ್ಕೆ ಮುಂಚಿನ ಕೊನೆಯದು. ಭಾನುಪ್ರಕಾಶ್ ಅದನ್ನು ನೋಡಿ, ಏನೂ ಮುಟ್ಟುವ ಹಾಗಿಲ್ಲ, ಹಾಗೇ ಕೊಡಿ ಎಂದು ಫೋನು ಮಾಡಿದರು. ಸಂಕ್ರಾಂತಿ ಕಳೆದ ಮೇಲೆ ಗಂಡಿನ ಕಡೆಗೆ ಹೋಗುತ್ತದೆ. ಭೀಮರಾಜ್ ಫೋನಿನಲ್ಲಿ ಎರಡು ಸಲ ಕೇಳಿದರು: "ಗೋಡೆ ಹಸಿರು ಮುಖಕ್ಕೆ ಬಂದಿಲ್ಲ ತಾನೇ?"

ಕಣ್ಣಿನ ವಿಷಯ ಬರೆಯಬಹುದೇ ಎಂದು ನಾನು ಅಳುಕುತ್ತಲೇ ಕೇಳಿದ್ದೆ. ಬರೆದರೆ ಯಾರು ಇನ್ನು ಇವರನ್ನು ಕರೆಯುತ್ತಾರೆ? ಅವರು ಒಂದು ದಿನ ಟೈಮು ತಗೊಂಡರು. ಮಾರನೇ ದಿನ, "ಬರೀರಿ" ಎಂದರು. "ಗೋಡೆ ಚೆನ್ನಾಗೈತೆ ಅಂತ ಸುಳ್ಳು ಹೇಳ್ಕೊಂಡು ಬಣ್ಣ ಕೇಳೋದು ಸಾಕಾಗೈತೆ."

ಶುಕ್ರವಾರ ಮಧ್ಯಾಹ್ನ ನಾನು ಹೋದಾಗ ಅವರು ಕಣ್ಣಿಗೆ ಟವೆಲ್ ಕಟ್ಟಿಕೊಂಡು ಮನೆಯೊಳಗೆ ನಡೆಯುತ್ತಿದ್ದರು. ಆಪರೇಷನ್ ಆದ ರಾತ್ರಿ ಕಣ್ಣಿಗೆ ಪಟ್ಟಿ ಇರುತ್ತದೆ. ಎರಡು ಕಣ್ಣಿದ್ದವರಿಗೆ ಅದು ಏನೂ ಅಲ್ಲ. ಇವರಿಗೆ ಒಂದು ರಾತ್ರಿ ಪೂರ್ತಿ ಕತ್ತಲೆ. ಮಂಗಳವಾರ ಬೆಳಿಗ್ಗೆ ಬಿಚ್ಚುತ್ತಾರೆ. ಅದಕ್ಕೇ ಈ ಅಭ್ಯಾಸ. ಮಂಚದಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ, ಬಾಗಿಲಿಗೆ ಏಳು. ಆಸ್ಪತ್ರೆಯಲ್ಲಿ ಎಷ್ಟು ಹೆಜ್ಜೆಯೋ ಯಾರಿಗೆ ಗೊತ್ತು ಎಂದರೆ, "ಲೆಕ್ಕ ಇಟ್ಕೊಳ್ಳೋದು ರೂಢಿ ಆಗ್ಲಿ ಅಂತ" ಎಂದರು. ಗಂಗಲಕ್ಷ್ಮಮ್ಮ ಅವರ ದಾರಿಯಲ್ಲಿದ್ದ ಸ್ಟೂಲನ್ನು ಎತ್ತಿ ಪಕ್ಕಕ್ಕಿಟ್ಟರು.

ಟವೆಲ್ ಬಿಚ್ಚಿ ಕೂತ ಮೇಲೆ ನಾನು ಕೊನೆಯ ಪ್ರಶ್ನೆ ಕೇಳಿದೆ. ಪಟ್ಟಿ ಬಿಚ್ಚಿದಾಗ ಮೊದಲು ಏನು ನೋಡಬೇಕು ಅಂದುಕೊಂಡಿದ್ದೀರಿ? ಹೆಂಡತಿಯ ಮುಖ ಎನ್ನಲಿ ಎಂದು ಪೆನ್ನು ಹಿಡಿದು ಕಾದಿದ್ದೆ. ನಮ್ಮ ಕಸುಬಿನವರ ದುರಾಸೆ ಅದು.

"ಸೀಲಿಂಗ್ ಸಾ," ಎಂದರು. "ಬಿಳಿ ಬಿಳಿಯಾಗಿ ಕಾಣ್ತದಾ ಅಂತ. ಅದೊಂದು ಗೊತ್ತಾದ್ರೆ ಮಿಕ್ಕಿದ್ದೆಲ್ಲ ನಿಧಾನಕ್ಕೆ ನೋಡ್ಕೋಬೋದು." ಆಮೇಲೆ ಹಣೆಯಲ್ಲಿ ಗೆರೆ ಮೂಡಿತು. "ಆದ್ರೆ ಆಸ್ಪತ್ರೇಲಿ ಸೀಲಿಂಗಿಗೆ ಏನ್ ಬಣ್ಣ ಹೊಡ್ದಿರ್ತಾರೋ. ಒಂದೊಂದು ಕಡೆ ಹಸಿರು ಹೊಡೀತಾರೆ. ಹಸಿರು ಕಂಡ್ರೆ ಅದು ಗೋಡೇದೋ ಕಣ್ಣಿಂದೋ ಅಂತ ಹೆಂಗೆ ತಿಳ್ಕೊಳ್ಳೋದು?"

ಗಂಗಲಕ್ಷ್ಮಮ್ಮ ಹಿತ್ತಲ ತಂತಿಯಿಂದ ಪಂಚೆ ತೆಗೆದುಕೊಂಡು ಒಳಗೆ ಬಂದರು. ಅದನ್ನು ನಾಲ್ಕು ಮಡಿಕೆ ಮಾಡಿ, ಆಸ್ಪತ್ರೆಗೆಂದು ಕಟ್ಟಿಟ್ಟಿದ್ದ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟರು.

"ಸೀಲಿಂಗು ಯಾವ ಬಣ್ಣನಾದ್ರೂ ಇರ್ಲಿ ಬುಡಿ," ಎಂದರು. "ಪಟ್ಟಿ ಬಿಚ್ಚೋವಾಗ ಇದನ್ನ ನಾನೇ ಹಿಡ್ಕೊಂಡು ನಿಂತಿರ್ತೀನಿ. ನೀಲಿ ಹಾಕಿಲ್ಲ."